ದೋಣಿಯನ್ನೇ ತಕ್ಕಡಿಗೆ ಏರಿಸಿದ ಕಾಲುವೆ

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಈರಿ ಕಾಲುವೆ ಪೂರ್ತಿಯಾದದ್ದು 1825ರ ಅಕ್ಟೋಬರಿನಲ್ಲಿ. ಆಲ್ಬನಿಯಿಂದ ಬಫಲೋವರೆಗೆ 363 ಮೈಲಿ ಉದ್ದ, 40 ಅಡಿ ಅಗಲ, ಆಳ ನಾಲ್ಕೇ ಅಡಿ. ನೀರಿನ ಮಟ್ಟ ಬದಲಾದಲ್ಲೆಲ್ಲ ದೋಣಿಗಳನ್ನು ಏರಿಸಿ ಇಳಿಸಲು 83 ಲಾಕ್‌ಗಳು, ಅಂದರೆ ಎರಡೂ ತುದಿಯಲ್ಲಿ ಬಾಗಿಲಿರುವ ನೀರಿನ ತೊಟ್ಟಿಗಳು, ಇದ್ದವು. ಇದಕ್ಕೆ ರಾಜ್ಯ ಸರ್ಕಾರ ಸುಮಾರು 70 ಲಕ್ಷ ಡಾಲರ್ ಸುರಿದಿತ್ತು. ಅದರ ಸಾಲ ತೀರಬೇಕಾದರೆ ದೋಣಿಗಳಿಂದ ಸುಂಕ ಬರಬೇಕಿತ್ತು. ಹಾಗಾಗಿ ಸುಂಕದ ಕಟ್ಟೆಯಲ್ಲಿ ಸಿಬ್ಬಂದಿ ಸೆಂಟು ಸೆಂಟಿಗೂ ಲೆಕ್ಕ ಕೇಳುತ್ತಿದ್ದರು, ದೋಣಿಯವರು ಸೆಂಟು ಸೆಂಟಿಗೂ ವಾದ ಹೂಡುತ್ತಿದ್ದರು.

ಸರಕಿನ ಸುಂಕ ತೂಕ, ದೂರ, ಸರಕಿನ ಬಗೆ ಈ ಮೂರನ್ನೂ ನೋಡಿ ನಿಗದಿಯಾಗುತ್ತಿತ್ತು. ಒಂದು ಟನ್ನನ್ನು ಒಂದು ಮೈಲಿ ಒಯ್ದರೆ ಇಷ್ಟು ಎಂಬುದು ದರದ ಅಳತೆ. ಎಲ್ಲ ಸರಕಿಗೂ ಒಂದೇ ದರ ಇರಲಿಲ್ಲ: ಅಂಗಡಿ ಸಾಮಾನಿಗೆ ಹೆಚ್ಚು, ರೈತರ ಧಾನ್ಯಕ್ಕೆ ಕಡಿಮೆ. ದೋಣಿಯ ಯಜಮಾನ ಸರಕಿನ ಪಟ್ಟಿಯನ್ನು ಕಟ್ಟೆಯಲ್ಲಿ ಕೊಡಬೇಕು. ಅಧಿಕಾರಿ ಲೆಕ್ಕ ಹಾಕಿ ಹಣ ಪಡೆದು ರಹದಾರಿ ಚೀಟಿ ಬರೆದುಕೊಡುತ್ತಾನೆ. ಮುಂದಿನ ಕಟ್ಟೆಗಳಲ್ಲಿ ಆ ಚೀಟಿಯ ತಪಾಸಣೆ ನಡೆಯುತ್ತದೆ.

ಈ ಏರ್ಪಾಡಿನ ದೌರ್ಬಲ್ಯ ಕಣ್ಣಿಗೆ ಹೊಡೆಯುವಂತಿದೆ. ಹಣ ಕಟ್ಟಬೇಕಾದವನೇ ತನ್ನ ಸರಕಿನ ತೂಕ ಹೇಳಬೇಕು! ಹತ್ತು ಪೀಪಾಯಿ ಕಡಿಮೆ ಬರೆಸಿದರೂ, ದುಬಾರಿ ದರದ ಸರಕನ್ನು ಅಗ್ಗದ ಸರಕಿನ ಹೆಸರಿನಲ್ಲಿ ಬರೆಸಿದರೂ ಲಾಭ ಅವನಿಗೇ. ಹಾಗೆಂದು ಅನುಮಾನ ಬಂದಾಗಲೆಲ್ಲ ಟನ್‌ಗಟ್ಟಲೆ ಸರಕನ್ನು ದಂಡೆಗೆ ಇಳಿಸಿ ತೂಗಿಸುವಂತೆಯೂ ಇರಲಿಲ್ಲ. ಅಷ್ಟರಲ್ಲಿ ಹಿಂದೆ ದೋಣಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು.

ಇದಕ್ಕೆ ಕಂಡುಕೊಂಡ ಪರಿಹಾರವೇ ತೂಕದ ಲಾಕ್. ಮೊದಲ ಕಾಲದ ತೂಕದ ಲಾಕ್‌ಗಳು ಆರ್ಕಿಮಿಡೀಸ್ ತತ್ವವನ್ನೇ ನಂಬಿದ್ದವು. ತೇಲುವ ದೋಣಿ ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಆದ್ದರಿಂದ ಲಾಕಿನೊಳಗಿನ ನೀರನ್ನು ಅಳತೆಯ ತೊಟ್ಟಿಗೆ ಹರಿಸಿ, ದೋಣಿ ಇಲ್ಲದಾಗ ಎಷ್ಟಿರುತ್ತದೆ, ಇದ್ದಾಗ ಎಷ್ಟಾಯಿತು ಎಂದು ಹೋಲಿಸಿದರೆ ತೂಕ ಸಿಗುತ್ತಿತ್ತು. 1850ರಲ್ಲಿ ಸಿರಕ್ಯೂಸ್ ಊರಿನಲ್ಲಿ ಕಟ್ಟಿದ ಲಾಕ್ ಇನ್ನೂ ನೇರವಾದದ್ದು. ದೋಣಿ ಒಳಗೆ ಬಂದ ಮೇಲೆ ಎರಡೂ ಬಾಗಿಲು ಮುಚ್ಚಿ ನೀರನ್ನು ಪೂರ್ತಿ ಬಸಿಯುತ್ತಿದ್ದರು. ತಳದಲ್ಲಿ ಮರದ ತೊಲೆಗಳ ದೊಡ್ಡ ತೊಟ್ಟಿಲು. ದೋಣಿ ನಿಧಾನವಾಗಿ ಅದರ ಮೇಲೆ ಕೂರುತ್ತದೆ. ಆ ತೊಟ್ಟಿಲು ಭಾರಿ ತಕ್ಕಡಿಗೆ ತೂಗುಬಿದ್ದಿರುತ್ತಿತ್ತು. ಖಾಲಿ ದೋಣಿಯ ತೂಕ ಮೊದಲೇ ದಾಖಲಾಗಿರುತ್ತಿದ್ದುದರಿಂದ ಅದನ್ನು ಕಳೆದರೆ ಸರಕಿನ ತೂಕ ಬಂತು. ಮತ್ತೆ ನೀರು ತುಂಬಿಸಿ ದೋಣಿಯನ್ನು ಕಳಿಸುತ್ತಿದ್ದರು. ನನ್ನ ದೃಷ್ಟಿಯಲ್ಲಿ ಆ ಕಾಲುವೆಯ ಅತ್ಯಂತ ಜಾಣ ಕಟ್ಟಡ ಇದೇ. ತೂಕದ ವಿಷಯದಲ್ಲಿ ಯಾರ ಮಾತನ್ನು ನಂಬಬೇಕೆಂಬ ಪ್ರಶ್ನೆಯೇ ಇಲ್ಲಿ ಏಳುತ್ತಿರಲಿಲ್ಲ.

ದಂಡದ ಕಥೆ ಬೇರೆ. ದೋಣಿಗಳು ಗಂಟೆಗೆ ನಾಲ್ಕು ಮೈಲಿಗಿಂತ ವೇಗವಾಗಿ ಹೋಗಕೂಡದು, ಮೀರಿದರೆ 10 ಡಾಲರ್ ದಂಡ ಎಂಬ ನಿಯಮವಿತ್ತು. ವೇಗ ಹೆಚ್ಚಿದಂತೆ ಏಳುವ ಅಲೆ ಮಣ್ಣಿನ ದಂಡೆಯನ್ನು ಕೊರೆಯುತ್ತದೆ. ದಂಡೆ ಒಡೆದರೆ ನೀರು ಹೊಲಗಳಿಗೆ ನುಗ್ಗಿ ಸಂಚಾರ ನಿಲ್ಲುತ್ತದೆ. ದಿನಗೂಲಿ ಒಂದು ಡಾಲರಿನ ಆಸುಪಾಸಿನಲ್ಲಿದ್ದ ಕಾಲಕ್ಕೆ 10 ಡಾಲರ್ ಸಣ್ಣ ಮೊತ್ತವಲ್ಲ. ಆದರೂ ಪ್ರಯಾಣಿಕರ ದೋಣಿಗಳ ಕೆಲವು ಯಜಮಾನರು ದಂಡ ಕಟ್ಟಿಯೇ ಓಡಿಸುತ್ತಿದ್ದರು. ಬೇಗ ತಲುಪಿಸುವ ದೋಣಿಗೆ ಜನ ಹೆಚ್ಚು, ಹತ್ತು ಡಾಲರ್ ಅಲ್ಲೇ ವಸೂಲಾಗುತ್ತಿತ್ತು. ಕೊರೆದ ದಂಡೆಯನ್ನು ರಿಪೇರಿ ಮಾಡುವ ಖರ್ಚು ಮಾತ್ರ ಸರ್ಕಾರದ್ದು. ಇಷ್ಟು ಸುಲಭವಾಗಿ ನುಂಗಬಹುದಾದ ದಂಡ ಇಡಬಾರದಿತ್ತು.

ಲಾಕ್‌ಗಳ ಬಳಿಯೂ ಜಗಳ ತಪ್ಪಿದ್ದಲ್ಲ. ಒಂದು ಸಲಕ್ಕೆ ಒಂದೇ ದೋಣಿಗೆ ಜಾಗ. ಮೊದಲು ಬಂದವರು ಯಾರು ಎಂಬ ಮಾತು ಎಷ್ಟೋ ಸಲ ಕೈಕೈ ಮಿಲಾಯಿಸುವವರೆಗೆ ಹೋಗುತ್ತಿತ್ತು. ಪ್ರಯಾಣಿಕರ ದೋಣಿಗೆ ಸಿಗುತ್ತಿದ್ದ ಆದ್ಯತೆ ಸರಕಿನ ದೋಣಿಯವರಿಗೆ ಸಹಿಸದ ಸಂಗತಿ.

ಖಾಸಗಿ ಕಂಪನಿಗಳ ಕಾಲುವೆಗಳಲ್ಲಿ ಸುಂಕದ ಅಧಿಕಾರವೇ ಕೋರ್ಟಿನ ಮೆಟ್ಟಿಲೇರಿತು. ಚೆಸಪೀಕ್ ಮತ್ತು ಡೆಲವೇರ್ ಕಾಲುವೆ ಕಂಪನಿಯ ವಿರುದ್ಧ ಪೆರಿನ್ ಎಂಬವರು ಹೂಡಿದ ದಾವೆಯಲ್ಲಿ, ದೋಣಿಯಲ್ಲಿರುವ ಪ್ರಯಾಣಿಕರ ಮೇಲೆ ಕಂಪನಿ ಸುಂಕ ಹಾಕಬಹುದೇ ಎಂಬುದು ಪ್ರಶ್ನೆ. ಕಂಪನಿ ಸ್ಥಾಪಿಸಿದ ಕಾನೂನಿನಲ್ಲಿ ಸುಂಕಕ್ಕೆ ಒಳಪಡುವ ಸರಕುಗಳ ಪಟ್ಟಿ ಇದೆ, ಪ್ರಯಾಣಿಕರ ಹೆಸರು ಅದರಲ್ಲಿಲ್ಲ, ಆದ್ದರಿಂದ ಆ ಅಧಿಕಾರ ಇಲ್ಲ ಎಂದು 1850ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕಾನೂನು ಕೊಟ್ಟಷ್ಟೇ ಅಧಿಕಾರ ಕಂಪನಿಗೆ ಎಂಬುದು ಮುಖ್ಯ ನ್ಯಾಯಮೂರ್ತಿ ಟೇನಿ ಅವರ ನಿಲುವು.

ನ್ಯೂಯಾರ್ಕ್ ಸರ್ಕಾರ ತನ್ನ ಕಾಲುವೆಯ ಆದಾಯ ಕಾಪಾಡಲು ಇನ್ನೂ ಮುಂದೆ ಹೋಯಿತು. ಕಾಲುವೆಯ ಪಕ್ಕದಲ್ಲೇ ಓಡುತ್ತಿದ್ದ ರೈಲುಗಳು ಸರಕು ಸಾಗಿಸಿದರೆ ಕಾಲುವೆಯ ಸುಂಕವನ್ನೇ ಕಟ್ಟಬೇಕೆಂದು ವಿಧಿಸಿತು. ನೀರನ್ನೇ ಮುಟ್ಟದ ಸರಕಿಗೆ ದೋಣಿಯ ಸುಂಕ! ರೈಲು ಕಂಪನಿಗಳ ವಿರೋಧಕ್ಕೆ ಮಣಿದು 1851ರಲ್ಲಿ ಅದನ್ನು ಕೈಬಿಟ್ಟರು. ಆಮೇಲೆ ರೈಲಿನ ಪೈಪೋಟಿ ಎದುರಿಸಲು ಕಾಲುವೆಯ ಸುಂಕವನ್ನೇ ಇಳಿಸಬೇಕಾಯಿತು. 1882ರಲ್ಲಿ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ತಂದು ಸುಂಕವನ್ನು ಸಂಪೂರ್ಣ ರದ್ದು ಮಾಡಿದರು. ಸಿರಕ್ಯೂಸ್‌ನ ತೂಕದ ಕಟ್ಟಡ ಇಂದಿಗೂ ಇದೆ. ಈಗ ಅದು ಈರಿ ಕಾಲುವೆ ವಸ್ತುಸಂಗ್ರಹಾಲಯ. ಆ ಕಡೆ ಹೋಗುವ ಕನ್ನಡಿಗರು ನೋಡಿ ಬನ್ನಿ.