ಹದಿಹರೆಯದವರ ಗುಂಪು ಘರ್ಷಣೆ ತಡೆಗಟ್ಟುವಿಕೆ: ಸಾರ್ವಜನಿಕರು ತಿಳಿದಿರಬೇಕಾದ ಸಂಗತಿಗಳು

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ನೇಕಾರರ ಊರು. ತಂದೆ ತಾಯಿ ಇಬ್ಬರೂ ಮಗ್ಗದ ಕೆಲಸದಲ್ಲಿ ತೊಡಗಿರುವ ಮನೆಗಳಲ್ಲಿ, ಶಾಲೆ ಬಿಟ್ಟ ಮಗ ಸಂಜೆ ಯಾರ ಜೊತೆಗಿದ್ದಾನೆ ಎಂಬುದು ಎಷ್ಟೋ ಸಲ ಮನೆಗಿಂತ ಮೊದಲು ಓಣಿಗೆ ತಿಳಿದಿರುತ್ತದೆ. ಹುಡುಗರ ಗುಂಪು ಘರ್ಷಣೆಗಳಿಗೆ ದೊಡ್ಡ ಕಾರಣಗಳು ಬೇಕಿಲ್ಲ. ಜಾತ್ರೆಯ ನೂಕುನುಗ್ಗಲಿನಲ್ಲಿ ಆಡಿದ ಒಂದು ಮಾತು, ಮೊಬೈಲಿನಲ್ಲಿ ಹರಿಯಬಿಟ್ಟ ಒಂದು ಅಣಕ ಸಾಕು. 2025ರ ಮೇ ತಿಂಗಳಿನಲ್ಲಿ ಹುಬ್ಬಳ್ಳಿಯಲ್ಲಿ ಕ್ಷುಲ್ಲಕ ಜಗಳವೊಂದು ಚಾಕುವಿನ ಇರಿತದಲ್ಲಿ ಕೊನೆಗೊಂಡು ಶಾಲಾ ಬಾಲಕನೊಬ್ಬನು ಪ್ರಾಣ ಕಳೆದುಕೊಂಡನು. ಆರೋಪಕ್ಕೆ ಒಳಗಾದವನೂ ಶಾಲಾ ಬಾಲಕನೇ.

ಮಗನ ಸಹವಾಸ ಕೆಟ್ಟಿದೆಯೆಂದು ಗೊತ್ತಿದ್ದರೂ ಪಾಲಕರು ಠಾಣೆಗೆ ಬರಲು ಹಿಂಜರಿಯುತ್ತಾರೆ. ಒಮ್ಮೆ ಹೆಸರು ಬರೆಸಿದರೆ ಅವನು ಜೀವಮಾನವಿಡೀ ರೌಡಿಯೆಂದು ಗುರುತಿಸಲ್ಪಡುವನು, ನೌಕರಿ ಸಿಗದು, ಲಾಕಪ್ಪಿನಲ್ಲಿ ಹೊಡೆತ ತಿನ್ನುವನು ಎಂಬ ಭಯವೇ ಇದಕ್ಕೆ ಕಾರಣ. ಹದಿನೆಂಟು ವರ್ಷ ತುಂಬದವರ ವಿಷಯದಲ್ಲಿ ಕಾನೂನು ಹಾಗಿಲ್ಲವೆಂಬುದನ್ನು ಪಾಲಕರು ಮೊದಲು ಅರಿಯಬೇಕು.

ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ 2015ರ ಪ್ರಕಾರ ಬಾಲಕನನ್ನು ಯಾವ ಸಂದರ್ಭದಲ್ಲಿಯೂ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಬೇಡಿ ತೊಡಿಸುವಂತಿಲ್ಲ. ವಶಕ್ಕೆ ಪಡೆದ 24 ಗಂಟೆಯೊಳಗೆ ಅವನನ್ನು ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಒಬ್ಬ ಮ್ಯಾಜಿಸ್ಟ್ರೇಟರು ಹಾಗೂ ಇಬ್ಬರು ಸಮಾಜ ಕಾರ್ಯಕರ್ತರು ಇರುವ ಈ ಮಂಡಳಿಯು ಬುದ್ಧಿವಾದ, ಆಪ್ತ ಸಮಾಲೋಚನೆ, ಸಮುದಾಯ ಸೇವೆ, ಪಾಲಕರ ಮುಚ್ಚಳಿಕೆಯ ಮೇಲೆ ಬಿಡುಗಡೆ ಮುಂತಾದ ಆದೇಶಗಳನ್ನು ನೀಡಬಹುದು. ಅಗತ್ಯವೆನಿಸಿದರೆ ಗರಿಷ್ಠ 3 ವರ್ಷದವರೆಗೆ ವಿಶೇಷ ಗೃಹಕ್ಕೆ ಕಳುಹಿಸಬಹುದು. ಬಾಲಕನ ಹೆಸರು, ಭಾವಚಿತ್ರ, ಶಾಲೆ ಇವನ್ನು ಪತ್ರಿಕೆಗಳು ಪ್ರಕಟಿಸುವುದು ಅಪರಾಧ. ಪ್ರಕರಣ ಮುಗಿದ ತರುವಾಯ ಅದರಿಂದ ಅವನಿಗೆ ಯಾವ ಅನರ್ಹತೆಯೂ ತಗಲುವುದಿಲ್ಲ. ಆದರೆ 16 ವರ್ಷ ದಾಟಿದವನು ಕೊಲೆಯಂತಹ ಘೋರ ಅಪರಾಧದಲ್ಲಿ ಭಾಗಿಯಾದರೆ, ಪ್ರಾಥಮಿಕ ಪರಿಶೀಲನೆಯ ನಂತರ ವಯಸ್ಕನಂತೆಯೇ ವಿಚಾರಣೆಗೆ ಒಳಪಡಬಹುದು. ಆಗ ಈ ರಕ್ಷಣೆಗಳಲ್ಲಿ ಕೆಲವು ಅವನಿಗೆ ಉಳಿಯುವುದಿಲ್ಲ.

2016ರ ಮಾದರಿ ನಿಯಮಗಳಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಅಪರಾಧ ಘೋರವಲ್ಲದಿದ್ದರೆ ಬಾಲಕನ ಮೇಲೆ ಪ್ರಥಮ ವರ್ತಮಾನ ವರದಿ ದಾಖಲಿಸದೆ, ಠಾಣಾ ದಿನಚರಿಯಲ್ಲಿ ವಿಷಯ ನಮೂದಿಸಿ, ಅವನ ಸಾಮಾಜಿಕ ಹಿನ್ನೆಲೆಯ ವರದಿಯನ್ನು ಮಂಡಳಿಗೆ ಕಳುಹಿಸಲಾಗುತ್ತದೆ. ಅದೇ ಕೃತ್ಯವನ್ನು ವಯಸ್ಕರ ಜೊತೆಗೂಡಿ ಮಾಡಿದ್ದರೆ ಈ ವಿನಾಯಿತಿ ಇಲ್ಲ. ಅಂದರೆ ಹುಡುಗನು ಏನು ಮಾಡಿದನು ಎಂಬುದರಷ್ಟೇ, ಯಾರ ಜೊತೆಗೆ ಮಾಡಿದನು ಎಂಬುದೂ ಅವನ ಭವಿಷ್ಯವನ್ನು ನಿರ್ಧರಿಸುತ್ತದೆ.

ಹುಡುಗರ ಗುಂಪಿನ ಹಿಂದೆ ಹಿರಿಯ ವಯಸ್ಸಿನವನೊಬ್ಬನು ನಿಂತು ಬೈಕು, ಊಟ, ಖರ್ಚಿನ ಹಣ ಕೊಟ್ಟು ಅವರನ್ನು ಮುಂದೆ ದೂಡುತ್ತಿದ್ದರೆ, ಶಿಕ್ಷೆ ಬಾಲಕರಿಗಷ್ಟೇ ಆಗಲಿ ಎಂಬುದೇ ಅವನ ಲೆಕ್ಕಾಚಾರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಇದಕ್ಕೆ ಅವಕಾಶ ನೀಡುವುದಿಲ್ಲ. ಅಪರಾಧಕ್ಕಾಗಿ ಮಗುವನ್ನು ಬಳಸಿಕೊಂಡವನಿಗೆ ಅದರ 95ನೆಯ ಕಲಮಿನ ಮೇರೆಗೆ 3ರಿಂದ 10 ವರ್ಷಗಳ ಕಾರಾವಾಸ ಹಾಗೂ ದಂಡವಿದೆ. ಇಂಥ ವ್ಯಕ್ತಿಯ ಬಗ್ಗೆ ತಿಳಿಸುವುದು ಮಗನ ಮೇಲೆ ದೂರು ಕೊಟ್ಟಂತಲ್ಲ, ಅವನನ್ನು ಬಿಡಿಸಿಕೊಂಡಂತೆ.

ಹದಿನೆಂಟು ದಾಟಿದ ಯುವಕರು "ನಾನು ಹೊಡೆಯಲಿಲ್ಲ, ಸುಮ್ಮನೆ ಜೊತೆಗಿದ್ದೆ" ಎಂದು ಹೇಳುವುದುಂಟು. ಐದು ಅಥವಾ ಹೆಚ್ಚು ಜನ ಕಾನೂನುಬಾಹಿರ ಉದ್ದೇಶದಿಂದ ಕೂಡಿದಾಗ, ಆ ಸಮಾನ ಉದ್ದೇಶದ ಈಡೇರಿಕೆಗಾಗಿ ಒಬ್ಬನು ಮಾಡಿದ ಅಪರಾಧಕ್ಕೆ ಗುಂಪಿನ ಪ್ರತಿಯೊಬ್ಬ ಸದಸ್ಯನೂ ಹೊಣೆಗಾರನು. ಹುಟ್ಟುಹಬ್ಬದ ಕೇಕನ್ನು ತಲವಾರಿನಿಂದ ಕತ್ತರಿಸಿ, ಮಚ್ಚು ಹಿಡಿದು ವಿಡಿಯೋ ಹರಿಯಬಿಡುವ ಚಟವೂ ಶಸ್ತ್ರಾಸ್ತ್ರ ಕಾಯ್ದೆ 1959ರ ಅನ್ವಯ ಪ್ರಕರಣಕ್ಕೆ ದಾರಿಯಾಗುತ್ತದೆ.

ಊರಿನ ಹಿರಿಯರು ಎರಡೂ ಕಡೆಯವರನ್ನು ಕೂಡ್ರಿಸಿ ಬುದ್ಧಿ ಹೇಳುವ ಪದ್ಧತಿ ನಮ್ಮಲ್ಲಿ ಹಳೆಯದು. ಮಾತಿನ ಜಗಳಗಳಿಗೆ ಅದು ಈಗಲೂ ಉತ್ತಮ ಮದ್ದು. ಆದರೆ ಕೊಲೆ ಯತ್ನದಂತಹ ಪ್ರಕರಣಗಳು ರಾಜಿಗೆ ಬರುವಂಥವಲ್ಲ. ಅವನ್ನು ಮುಚ್ಚಿಟ್ಟರೆ ಸೋತ ಕಡೆಯ ಹುಡುಗರು ಸೇಡಿಗಾಗಿ ಕಾಯುತ್ತಾರೆ.

ರಾಜ್ಯದಲ್ಲಿ 2017ರಲ್ಲಿ ಜಾರಿಗೆ ಬಂದ ಸುಧಾರಿತ ಗಸ್ತು ವ್ಯವಸ್ಥೆಯಲ್ಲಿ ಠಾಣೆಯ ವ್ಯಾಪ್ತಿಯನ್ನು ಬೀಟುಗಳಾಗಿ ವಿಂಗಡಿಸಿ ಸಿಬ್ಬಂದಿಗೆ ಹಂಚಿ, ಸ್ಥಳೀಯ ನಾಗರಿಕರನ್ನೂ ಅದರಲ್ಲಿ ಸೇರಿಸಿಕೊಳ್ಳಲಾಯಿತು. 2025ರ ಜುಲೈನಲ್ಲಿ ಆರಂಭವಾದ "ಮನೆ ಮನೆಗೆ ಪೊಲೀಸ್" ಕಾರ್ಯಕ್ರಮದಲ್ಲಿ ಸಿಬ್ಬಂದಿಯೇ ಮನೆಗೆ ಬಂದು ಅಹವಾಲು ಕೇಳುತ್ತಾರೆ. ಠಾಣೆಯ ಮೆಟ್ಟಿಲು ಹತ್ತಲು ಸಂಕೋಚಪಡುವ ತಾಯಂದಿರಿಗೆ ಇದೇ ತಕ್ಕ ಸಮಯ. ಮಗ ಶಾಲೆ ತಪ್ಪಿಸುವುದು, ಕೈಯಲ್ಲಿ ಲೆಕ್ಕವಿಲ್ಲದ ಹಣ ಕಾಣುವುದು, ಚಾಕು ಇಟ್ಟುಕೊಳ್ಳುವುದು ಕಂಡುಬಂದರೆ ಆಗಲೇ ತಿಳಿಸಬಹುದು. ಬಾಲಕರ ವಿಷಯವನ್ನು ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯೇ ನಿರ್ವಹಿಸುವರು. ಅವರು ಬಾಲಕನೊಂದಿಗೆ ಮಾತನಾಡುವಾಗ ಸಮವಸ್ತ್ರದಲ್ಲಿರುವುದಿಲ್ಲ.

ಘರ್ಷಣೆ ನಡೆಯುತ್ತಿದ್ದರೆ ಅಥವಾ ನಡೆಯುವ ಸುಳಿವು ದೊರೆತರೆ 112ಕ್ಕೆ, ಮಗುವಿಗೆ ನೆರವು ಬೇಕಾದಲ್ಲಿ 1098ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು.