ಮಾತು ಕೇಳುಗನಿಗಾಗಿ ಕಾಯುತ್ತದೆ

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಕೂಡಿತೆಂದರೆ ಚೊಳಚಗುಡ್ಡದ ಪರಿಸರದಲ್ಲಿ ರಾತ್ರಿಯಿಡೀ ನಾಟಕಗಳು. ಆ ಊರಿನಿಂದ ನನ್ನ ತರಗತಿಗೆ ಬರುತ್ತಿದ್ದ ಹುಡುಗನೊಬ್ಬನಿಗೆ ನಾಟಕದ ಮಾತುಗಳೆಲ್ಲ ಕಂಠಪಾಠ. ಆದರೆ ಹಾಜರಿ ಕೂಗಿದರೆ ಸಾಕು, ಗಂಟಲು ಕಟ್ಟಿ, ಅಂಗೈ ಬೆವತು, ತಲೆ ತಗ್ಗಿಸಿ ನಿಲ್ಲುತ್ತಿದ್ದ.

ಅಂಜಿಕೆಯನ್ನು ಒಮ್ಮೆಲೇ ಬಿಡಿಸಿಬಿಡುವ ಹುಮ್ಮಸ್ಸಿನಲ್ಲಿ, ಸ್ವಾತಂತ್ರ್ಯ ದಿನದ ಸಭೆಯಲ್ಲಿ ಅವನನ್ನು ಕೇಳದೆಯೇ ವೇದಿಕೆಗೆ ಕರೆದೆ. ಬಂದು ನಿಂತ, ಮಾತು ಹೊರಡಲಿಲ್ಲ. ಸಭೆ ನಕ್ಕಿತು. ಅನಂತರ ಒಂದು ವಾರ ಅವನು ಶಾಲೆಗೆ ಬರಲಿಲ್ಲ.

ತಪ್ಪು ನನ್ನದೆಂದು ಅರಿವಾದದ್ದು ದಶಲಕ್ಷಣ ಪರ್ವದಲ್ಲಿ. ಜೈನ ಕರ್ಮಸಿದ್ಧಾಂತವು ಭಯವನ್ನು ಒಂಬತ್ತು ನೋಕಷಾಯಗಳಲ್ಲಿ ಎಣಿಸುತ್ತದೆ. ಅದು ಮೋಹನೀಯ ಕರ್ಮದ ಉದಯವೇ ಹೊರತು ಆತ್ಮದ ಸ್ವಭಾವವಲ್ಲ. ಮಗುವನ್ನು ‘ಅಂಜುಬುರುಕ’ ಎಂದು ಕರೆಯುವವನು ಕರ್ಮವನ್ನೇ ಆತ್ಮವೆಂದು ಭ್ರಮಿಸುತ್ತಾನೆ. ಸ್ಥಾನಾಂಗ ಸೂತ್ರ ಹೇಳುವ ಏಳು ಭಯಗಳಲ್ಲಿ ಅಶ್ಲೋಕಭಯವೂ ಒಂದು: ಅಪಕೀರ್ತಿಯ ಅಂಜಿಕೆ, ‘ಜನ ಏನೆಂದಾರು’ ಎಂಬ ಕಳವಳ. ಮರಣಭಯದ ಸಾಲಿನಲ್ಲಿಯೇ ಇದಕ್ಕೂ ಸ್ಥಾನವಿದೆಯೆಂದರೆ, ಹಿರಿಯರು ಇದನ್ನು ಹಗುರವಾಗಿ ಕಾಣಲಿಲ್ಲವೆಂದೇ ಅರ್ಥ.

ಇನ್ನೊಂದು ಪ್ರಸಂಗವೂ ನೆನಪಾಯಿತು. ಕೇವಲಜ್ಞಾನ ಪ್ರಾಪ್ತವಾದ ಬಳಿಕ 66 ದಿನಗಳವರೆಗೆ ಮಹಾವೀರ ಸ್ವಾಮಿಯ ದಿವ್ಯಧ್ವನಿ ಹೊರಡಲಿಲ್ಲವೆಂದು ದಿಗಂಬರ ಪರಂಪರೆ ಹೇಳುತ್ತದೆ. ಇಂದ್ರಭೂತಿ ಗೌತಮರು ಬಂದ ಮೇಲೆಯೇ ವಿಪುಲಾಚಲದಲ್ಲಿ ಉಪದೇಶ ಮೊಳಗಿತು. ತೀರ್ಥಂಕರರ ಮೌನಕ್ಕೂ ಮಗುವಿನ ಅಂಜಿಕೆಗೂ ಹೋಲಿಕೆಯಿಲ್ಲ, ನಿಜ. ಆದರೂ ಮಾತಿಗೆ ಯೋಗ್ಯ ಕೇಳುಗ ಬೇಕೆಂಬ ತತ್ತ್ವ ಅಲ್ಲಿದೆ. ಆ ಹುಡುಗನಿಗೆ ನಾನು ಅಂಥ ಕೇಳುಗನಾಗಿರಲಿಲ್ಲ.

ಕ್ಷಮಾವಾಣಿಯ ದಿನ ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಸರ್, ಮಂದಿ ನಗ್ತಾರ್ರಿ” ಎಂದ. “ಮೊದಲು ಅಜ್ಜಿಗೆ ಒಂದು ಕಥಿ ಓದಿ ಹೇಳಪಾ, ಆಮ್ಯಾಲೆ ನನಗ” ಎಂದೆ. ಅಜ್ಜಿಯ ಮುಂದೆ ಆರಂಭವಾದ ಓದು ತಿಂಗಳುಗಳ ಬಳಿಕ ಇಬ್ಬರು ಗೆಳೆಯರ ಮುಂದೆ, ಅನಂತರ ತರಗತಿಯ ಮುಂದೆ ಬಂತು. ಅಣುವ್ರತದಿಂದ ಮೇಲೇರುವ ಶ್ರಾವಕನ ಕ್ರಮವೂ ಹೀಗೆಯೇ, ಒಂದೊಂದೇ ಮೆಟ್ಟಿಲು.

ಮುಂದಿನ ವರ್ಷದ ಗಾಂಧಿ ಜಯಂತಿಗೆ ಅವನೇ ಹೆಸರು ಕೊಟ್ಟ. ಲಂಡನ್ನಿನ ಸಸ್ಯಾಹಾರಿಗಳ ಸಭೆಯಲ್ಲಿ ಬರೆದುಕೊಂಡದ್ದನ್ನೂ ಓದಲಾಗದೆ ನಿಂತ, ಮುಂಬಯಿಯ ನ್ಯಾಯಾಲಯದಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಾಗದೆ ಕುಳಿತ ತರುಣ ಗಾಂಧಿಯೇ 1924ರಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರೆಂದು ಹೇಳಿದ. ತಮ್ಮ ಸಂಕೋಚವೇ ಮಿತವಾಗಿ ಮಾತಾಡುವುದನ್ನು ಕಲಿಸಿತೆಂದು ಗಾಂಧೀಜಿ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಭಾಷಾಸಮಿತಿ ಬೋಧಿಸುವ ಹಿತ, ಮಿತ ವಚನವೂ ಅದೇ ಅಲ್ಲವೇ?

ಮೂರು ನಿಮಿಷದ ಮಾತು. ಕೈಯಲ್ಲಿದ್ದ ಕಾಗದ ಕೊನೆಯವರೆಗೂ ನಡುಗುತ್ತಲೇ ಇತ್ತು, ಮಾತು ನಿಲ್ಲಲಿಲ್ಲ.

ನಿಮ್ಮ ಮನೆಯಲ್ಲಿಯೂ ಇಂಥ ಮಗುವಿರಬಹುದು. ಅಂಜಿಕೆಯಿಂದ ಶಾಲೆ, ಊಟ, ನಿದ್ರೆ ಕೆಡುತ್ತಿದ್ದರೆ ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ. ಉಳಿದಂತೆ, ನೆಂಟರ ಮುಂದೆ ‘ಇವನು ಮಾತೇ ಆಡುವುದಿಲ್ಲ’ ಎನ್ನುವುದನ್ನು ಇಂದಿನಿಂದಲೇ ಬಿಡೋಣ. ಮಾತಿನಿಂದ ನೋಯಿಸದಿರುವುದೂ ಅಹಿಂಸೆಯೇ. ತಾಳ್ಮೆಯಿಂದ ಕೇಳುವುದು ಅಭಯದಾನ.