ಪೌರತ್ವ ಇಲ್ಲದಿದ್ದರೂ ಇಲ್ಲೊಂದು ವೋಟಿದೆ

ಅಮೆರಿಕದ ಅಧ್ಯಕ್ಷರ ಚುನಾವಣೆ ಬಂತೆಂದರೆ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲೂ ಚರ್ಚೆ ಜೋರು. ಆದರೆ ಅಲ್ಲಿರೋ ನಮ್ಮವರ ಮಕ್ಕಳ ಶಾಲೆಗೆ ಯಾವುದಕ್ಕೆ ಎಷ್ಟು ದುಡ್ಡು, ಸೀಟು ಯಾರಿಗೆ ಅಂತ ತೀರ್ಮಾನಿಸೋದು ಊರಿನ ಶಾಲಾ ಮಂಡಳಿ. ಅದಕ್ಕೂ ಚುನಾವಣೆ ಇದೆ.

ಸ್ಯಾನ್ ಫ್ರಾನ್ಸಿಸ್ಕೋ ನೋಡಿ. ಅಲ್ಲಿನ ಮಂಡಳಿಯಲ್ಲಿ 7 ಜನ. ಕೋವಿಡ್‌ನಿಂದ ಶಾಲೆಗಳು ಮುಚ್ಚಿ, ಮಕ್ಕಳು ಮನೆಯಲ್ಲೇ ಸ್ಕ್ರೀನ್ ಮುಂದೆ ಕೂತಿದ್ದರು. 2021ರ ಜನವರಿಯಲ್ಲಿ ಮಂಡಳಿ 44 ಶಾಲೆಗಳ ಹೆಸರು ಬದಲಿಸಲು ಹೊರಟಿತು. ಲಿಂಕನ್ ಹೆಸರೂ ಪಟ್ಟಿಯಲ್ಲಿತ್ತು! ಮಾರ್ಕ್ಸ್ ನೋಡಿ ಸೀಟು ಕೊಡುತ್ತಿದ್ದ ಲೋವೆಲ್ ಹೈಸ್ಕೂಲಿಗೆ ಲಾಟರಿ ಬಂತು. ಬಜೆಟ್ ಕೊರತೆ ಬೇರೆ. ಹೆಸರು ಆಮೇಲೆ, ಮೊದಲು ಬಾಗಿಲು ತೆಗೆಯಿರಿ ಅನ್ನೋದು ಪೋಷಕರ ಸಿಟ್ಟು. 2022ರ ಫೆಬ್ರುವರಿ 15ರಂದು ಮತದಾರರು ಮೂವರು ಸದಸ್ಯರನ್ನು ಅವಧಿಗೆ ಮೊದಲೇ ಮನೆಗೆ ಕಳಿಸಿದರು.

ಈ ನಗರದಲ್ಲಿ ಇನ್ನೊಂದು ವಿಶೇಷ: 19 ವರ್ಷದೊಳಗಿನ ಮಗು ಇದ್ದರೆ, ಪೌರತ್ವ ಇಲ್ಲದ ಪೋಷಕರೂ ಶಾಲಾ ಮಂಡಳಿಗೆ ವೋಟು ಹಾಕಬಹುದು. 2016ರಲ್ಲಿ ಮತದಾರರೇ ಒಪ್ಪಿದ ನಿಯಮವಿದು. 2023ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಎತ್ತಿಹಿಡಿಯಿತು. ಆದರೆ ನೋಂದಣಿಯ ಮಾಹಿತಿ ವಲಸೆ ಇಲಾಖೆಗೆ ಸಿಗಬಹುದು ಅಂತ ನಗರಾಡಳಿತವೇ ಎಚ್ಚರಿಸುತ್ತೆ. ವೀಸಾದಲ್ಲಿ ಇರುವವರು ಮೊದಲು ವಕೀಲರನ್ನು ಕೇಳಿ.

ನಮ್ಮ ಸರ್ಕಾರಿ ಶಾಲೆಗಳಲ್ಲೂ ಎಸ್‌ಡಿಎಂಸಿ ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರು. ನಿಮ್ಮೂರಿನ ಶಾಲೆಯಲ್ಲಿ ಅದರ ಸದಸ್ಯರು ಯಾರು ಗೊತ್ತಾ? ಸಭೆಗೆ ಕರೆ ಬಂದರೆ ಒಂದು ಗಂಟೆ ರಜೆ ಹಾಕಿ ಹೋಗಿಬನ್ನಿ.